ತಂತಿಯ ಮೇಲೆ ಬೆಡ್‌ಶೀಟು

ಮೋರ್ಸ್ ಕೀಲಿ ಒತ್ತಿದ ಕೂಡಲೇ ರೇಡಿಯೊ ಸೆಟ್ಟಿನ ಮೀಟರಿನ ಮುಳ್ಳು ಮತ್ತೆ ಮೇಲಕ್ಕೆ ಹಾರಿತು. ಅವಳ ಗಂಡನ ಗೆಳೆಯ, ಗಡಿಯಾರ ರಿಪೇರಿಯವನು, ಸರಕ್ಕನೆ ಕೈ ತೆಗೆದ.

"ಸಿಗ್ನಲ್ ಹೋಗ್ತಾ ಇಲ್ಲ ಅತ್ತಿಗೆ. ಕಳಿಸಿದ್ರಲ್ಲಿ ಅರ್ಧ ವಾಪಸ್ ಬರ್ತಿದೆ. ಹೀಗೇ ಒತ್ತಿದ್ರೆ ಸೆಟ್ಟು ಸುಟ್ಟುಹೋಗುತ್ತೆ."

ಗಂಡನನ್ನು ಮಣ್ಣು ಮಾಡಿ ಬಂದು ಇನ್ನೂ ಗಂಟೆಯಾಗಿರಲಿಲ್ಲ. ನಾಲ್ಕಕ್ಕೆ ಅವರ ಹ್ಯಾಮ್ ರೇಡಿಯೊ ಗೆಳೆಯರೆಲ್ಲ ಅವರವರ ಊರಲ್ಲಿ ಕಿವಿಗೊಟ್ಟು ಕೂರುತ್ತಾರೆ; ವಿದಾಯ ಗಂಡನ ಸೆಟ್ಟಿನಿಂದಲೇ ಹೋಗಬೇಕು. ಉಳಿದದ್ದು ಹತ್ತು ನಿಮಿಷ.

ಅವನು ಕಿಟಕಿಯಾಚೆ ನೋಡಿದ. ಆಂಟೆನಾ ತಂತಿಯ ಮೇಲೆ ನೀರು ತೊಟ್ಟಿಕ್ಕುವ ಬೆಡ್‌ಶೀಟು.

"ಅದ್ಯಾರು ಹಾಕಿದ್ದು?"

"ನಾನೇ. ಮೂವತ್ತು ವರ್ಷದಿಂದ ಅಲ್ಲೇ ಒಣಗಿಸೋದು."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಒದ್ದೆ ಬಟ್ಟೆ ಬಿದ್ದರೆ ಸೆಟ್ಟಿಗೂ ತಂತಿಗೂ ಹೊಂದಿಕೆ ತಪ್ಪುತ್ತದೆ, ತಂತಿ ಒಪ್ಪದ್ದೆಲ್ಲ ಬಂದ ದಾರಿಯಲ್ಲೇ ಹಿಂತಿರುಗುತ್ತದೆ ಎಂದ. ತೆಗೆದುಬಿಡುತ್ತೇನೆ ಎಂದು ಎದ್ದ.

ಅದು ಗಂಡ ಕೊನೆಗೆ ಮಲಗಿದ್ದ ಹಾಸು. ಮನೆಗೆ ಬಂದ ಕೂಡಲೇ, ಕೈಗೆ ಬೇರೇನು ಕೆಲಸ ಕೊಡುವುದೆಂದು ತಿಳಿಯದೆ ಒಗೆದಿದ್ದಳು. ಹಾಗಾದರೆ ಇಷ್ಟು ವರ್ಷ ಅವರ ಮಾತಿಗೆ ತಾನೇ ಅಡ್ಡ ನಿಂತಿದ್ದೆನೇ?

*

ಮದುವೆಯಾದ ಹೊಸತು. ಗಂಡನ ರೇಡಿಯೊ ಪೆಟ್ಟಿಗೆಗೆ ಸವತಿ ಎಂದು ಹೆಸರಿಟ್ಟು, ಸವತಿಯ ತಂತಿಗೇ ಎರಡು ಹೊದಿಕೆ ಹೊರಿಸಿದ್ದಳು. ಕೆಲಸದಿಂದ ಬಂದ ಗಂಡ ತಂತಿಯನ್ನೂ ಹೊದಿಕೆಗಳನ್ನೂ ನೋಡಿದರು.

"ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ" ಎಂದಷ್ಟೇ ಹೇಳಿ ಒಳಗೆ ಹೋದರು. ಆಮೇಲೆ ಬಹಳ ಹೊತ್ತು ಏನನ್ನೋ ತಿರುಗಿಸುವ ಸದ್ದು.

*

"ತಿರುಗಿಸ್ತಿದ್ರಾ?" ಅವಳು ಹೇಳಿದ್ದನ್ನು ಕೇಳಿ ಗಡಿಯಾರದವನು ಬಾಗಿಲಲ್ಲೇ ನಿಂತ. ಹಿಂದಿರುಗಿ, ಕನ್ನಡಕ ಹಣೆಗೇರಿಸಿ, ಸೆಟ್ಟಿನ ಪಕ್ಕದ ಹೊಂದಿಕೆ ಪೆಟ್ಟಿಗೆಯ ಮೇಲೆ ಬಗ್ಗಿದ.

"ಇಲ್ಲಿ ನೋಡಿ ಅತ್ತಿಗೆ."

ದೊಡ್ಡ ತಿರುಪಿನ ಸುತ್ತ ಪೆನ್ಸಿಲ್ ಗೆರೆಗಳು, ಇರುವೆಯಂಥ ಅಕ್ಷರ. ಬರಿ ತಂತಿ. ಟವೆಲು ನಾಲ್ಕು. ಹೊದಿಕೆ ಎರಡು. ಪಾಪುವಿನ ಬಟ್ಟೆ. ಅದಕ್ಕೆ ಗೀಟು ಹೊಡೆದು, ಪಕ್ಕದಲ್ಲಿ ಯೂನಿಫಾರಂ. ಬೆಡ್‌ಶೀಟು ಒಂದು, ಒದ್ದೆ. ಕೂದಲೆಳೆ ಆಚೆ: ಅರೆ ಒಣಗಿದ್ದು.

"ಅಣ್ಣ ಒಳ್ಳೇ ಕಳ್ಳ. ಬಟ್ಟೆಗೆ ತಕ್ಕ ಹಾಗೆ ಹೊಂದಿಸ್ಕೊಂಡು, ನಮಗೆಲ್ಲ 'ಗಾಳಿ ಸರಿಯಿಲ್ಲ, ಒಂದು ನಿಮಿಷ ತಡೀರಿ' ಅಂತಿದ್ರು."

ಅವಳು ಒಂದೊಂದು ಗೆರೆಯ ಮೇಲೂ ಬೆರಳಾಡಿಸಿದಳು.

"ಶೀಟು ಅಲ್ಲೇ ಇರಲಿ" ಅಂದಳು.

ಅವನು ತಿರುಪನ್ನು ಒದ್ದೆ ಶೀಟಿನ ಗೆರೆಗೆ ತಂದು ಕೀಲಿ ಒತ್ತಿದ. ಮುಳ್ಳು ಏಳಲಿಲ್ಲ. ಟಕಟಕನೆ ವಿದಾಯ ಹೊರಟಿತು. ದೀರ್ಘವಾದ ವಿದಾಯ, ಆಚೆಯಿಂದ ಒಬ್ಬೊಬ್ಬರೇ ಉತ್ತರಿಸುತ್ತಿದ್ದರು. ನಡುವೆ ಒಮ್ಮೆ, ಅವಳೇ ಕೈ ಚಾಚಿ, ತಿರುಪನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು. ಹೊರಗೆ ಶೀಟು ಒಣಗುತ್ತಿತ್ತು.