ಸವೆಯದ ಟೈರು

ಮೇಸ್ತ್ರಿ ನೋಡಿ ಸೈ ಅಂದ ಗಾಡಿಯ ಬಗ್ಗೆ ಎರಡನೇ ಮಾತಿಲ್ಲ ಎಂದು ನೆಂಟರಿಷ್ಟರಲ್ಲೆಲ್ಲ ಹೆಸರಾಗಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾದ ಮನುಷ್ಯ. ಸ್ಕೂಟರಾಗಲಿ ಲಾರಿಯಾಗಲಿ, ಯಾರು ಏನೇ ಕೊಳ್ಳುವುದಿದ್ದರೂ ಮೊದಲು ಬಂದು ಅವರ ಬಾಗಿಲು ತಟ್ಟುತ್ತಿದ್ದರು. ತಟ್ಟದೆ ಕೊಂಡವರ ಗಾಡಿ ನಡುರಸ್ತೆಯಲ್ಲಿ ಕೈಕೊಟ್ಟರೆ ಮೇಸ್ತ್ರಿ ಅಯ್ಯೋ ಪಾಪ ಅನ್ನುತ್ತಿದ್ದರು. ಒಳಗೊಳಗೆ ಖುಷಿಯೂ ಪಡುತ್ತಿದ್ದರು. ಮುಚ್ಚಿಡುವುದೇನು ಬಂತು, ಹೆಮ್ಮೆಯಿಲ್ಲದ ಕಸುಬುದಾರ ಯಾರಿದ್ದಾನೆ?

ಅಂಥವರ ಅಳಿಯ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುತ್ತೇನೆ ಎಂದಾಗ ಮೇಸ್ತ್ರಿ ನಕ್ಕುಬಿಟ್ಟರು. ಅಳಿಯನದು ಕನ್ನಡಕದ ಅಂಗಡಿ. ಏರುದನಿಯಲ್ಲಿ ಮಾತಾಡಿ ಗೊತ್ತಿಲ್ಲ, ಖಾಲಿ ರಸ್ತೆಯನ್ನು ದಾಟುವಾಗಲೂ ಎರಡೂ ಕಡೆ ನೋಡುವ ಆಸಾಮಿ. ಅವನಿಗೆ ಚಿಕ್ಕಂದಿನಿಂದ ಇದೊಂದೇ ಹುಚ್ಚು: ನೆಲಕ್ಕೆ ಹೊಟ್ಟೆ ತಾಗುವಂತಿರುವ, ಇಬ್ಬರೇ ಕೂರುವ ಕೆಂಪು ಕಾರು.

"ಕೊಳ್ಳೋದೇನು ದೊಡ್ಡ ವಿಷಯ ಅಲ್ಲಪ್ಪ, ಸಾಕೋದು ನೋಡು ಕಷ್ಟ. ಬಿಳಿ ಆನೆ ತಂದು ಕಟ್ಟಿಹಾಕ್ಕೊಂಡ ಹಾಗಾಗಬಾರದು."

"ಅದಕ್ಕೇ ನಿಮ್ಮ ಹತ್ರ ಬಂದಿದ್ದು ಮಾವ. ಆಗಲ್ಲ ಅಂದ್ರೆ ಬಿಟ್ಟುಬಿಡ್ತೀನಿ."

"ನೋಡ್ತಿರಿ, ಅಪ್ಪ ಅದಕ್ಕೂ ಒಂದು ಕಂಡಕ್ಟರ್ ಸೀಟು ಹಾಕ್ಸಿ ಅಂತಾರೆ" ಎಂದಳು ಮಗಳು. ಇದ್ದೊಬ್ಬಳೇ ಮಗಳು. ಅಪ್ಪನನ್ನು ರೇಗಿಸುವುದು ಅವಳ ಜನ್ಮಸಿದ್ಧ ಹಕ್ಕು, ರೇಗಿಸಿಕೊಳ್ಳುವುದು ಅವರ ಭಾಗ್ಯ. ಆಕೆ ನಕ್ಕರೆ ಮೇಸ್ತ್ರಿ ಯಾವುದಕ್ಕೂ ಇಲ್ಲ ಅಂದವರಲ್ಲ.

ಕಾರು ಒಬ್ಬ ಹಲ್ಲಿನ ಡಾಕ್ಟರದು. ಬೆನ್ನುಮೂಳೆ ಕೈಕೊಟ್ಟಮೇಲೆ ಅಷ್ಟು ಕೆಳಗಿನ ಸೀಟಿಗೆ ಇಳಿಯಲಾರದೆ, ಮಾರಲೂ ಮನಸ್ಸು ಬಾರದೆ, ವರ್ಷಗಟ್ಟಲೆ ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದರು. ಆಗೊಮ್ಮೆ ಈಗೊಮ್ಮೆ ಎಂಜಿನ್ ಚಾಲೂ ಮಾಡಿ ಕೇಳಿಸಿಕೊಂಡು ಮತ್ತೆ ಹೊದಿಸುತ್ತಿದ್ದರಂತೆ. ಮೇಸ್ತ್ರಿ ಅಂಗಿ ಬಿಚ್ಚಿಟ್ಟು ಕಾರಿನ ಕೆಳಗೆ ತೂರಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಒಳಗಿನ ಸದ್ದು ಕೇಳಿದರು. ಆಯಿಲನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ಬೆಲ್ಟು, ಬ್ರೇಕ್ ಆಯಿಲು, ನೀರಿನ ಪೈಪುಗಳು, ಬ್ಯಾಟರಿ ಎಲ್ಲ ಹೊಸದಾಗಬೇಕು ಎಂದರು. ಉಳಿದದ್ದು ಸವೆದೇ ಇಲ್ಲ. ಕ್ಲಚ್ಚು ಹೊಸದರ ಹಾಗೆ, ಸ್ಟೀರಿಂಗಿನಲ್ಲಿ ಒಂದಿಷ್ಟೂ ಆಟವಿಲ್ಲ, ಸಡಿಲವಿಲ್ಲ.

"ಟೈರೂ ಬದಲಾಯಿಸಿಬಿಡಿ" ಎಂದರು ಡಾಕ್ಟರು. "ತುಂಬಾ ಹಳೇವು."

ಮೇಸ್ತ್ರಿ ಬಗ್ಗಿ ಟೈರಿನ ಗೀರುಗಳೊಳಗೆ ಹೆಬ್ಬೆರಳು ಇಳಿಸಿದರು. ಉಗುರು ಪೂರ್ತಿ ಮುಳುಗಿತು. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಅವರ ಕಣ್ಣಿಗೆ ಅದು ಒಣಗಿದ ಧೂಳಾಗಿ ಕಂಡಿತು. ಡಿಪೋದಲ್ಲಿ ಟೈರು ಎನ್ನುವುದಕ್ಕೆ ಮುಪ್ಪೆಂಬುದಿಲ್ಲ. ಹಗಲೂ ರಾತ್ರಿ ಓಡುವ ಬಸ್ಸಿನ ಟೈರು ವರ್ಷ ತುಂಬುವ ಮೊದಲೇ ಬೋಳಾಗುತ್ತದೆ, ಹೊಸ ರಬ್ಬರು ಹೊದಿಸಿಕೊಂಡು ಬರುತ್ತದೆ, ಮತ್ತೆ ಬೋಳಾಗುತ್ತದೆ. ಸುಮ್ಮನೆ ನಿಂತು ಹಾಳಾದ ಟೈರನ್ನು ಮೇಸ್ತ್ರಿ ತಮ್ಮ ಜೀವಮಾನದಲ್ಲೇ ಕಂಡಿರಲಿಲ್ಲ. ಬಸ್ಸನ್ನು ನಿಲ್ಲಲು ಬಿಟ್ಟರಲ್ಲವೇ?

ಹೊರಗೆ ಬಂದಮೇಲೆ ಅಳಿಯ ಮೆಲ್ಲಗೆ ಕೇಳಿದ. "ಟೈರೂ ಹಾಕ್ಸಿಬಿಡೋಣ್ವಾ ಮಾವ?"

"ಯಾಕೆ? ಹೊಸ ಟೈರು ಕಿತ್ತು ಹೊಸ ಟೈರು ಹಾಕ್ತಾರೇನಪ್ಪ? ಹಲ್ಲಿನ ಡಾಕ್ಟರು, ಗಟ್ಟಿ ಇದ್ರೂ ಕೀಳೋದು ಅವರ ಅಭ್ಯಾಸ!"

ಮಗಳು ಬಿದ್ದು ಬಿದ್ದು ನಕ್ಕಳು. ಅಳಿಯನೂ ನಕ್ಕ. ಅಲ್ಲಿಗೆ ಆ ಮಾತು ಮುಗಿಯಿತು.

ಕಾರು ಬಂದಮೇಲೆ ಮೇಸ್ತ್ರಿಗೆ ಮತ್ತೆ ಪ್ರಾಯ ಬಂದಂತಾಯಿತು. ಭಾನುವಾರವಾದರೆ ಮಗಳ ಮನೆ, ಕೈಗೆ ಗ್ರೀಸು, ಅಳಿಯನಿಗೆ ಪಾಠ. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ, ಹೆದ್ದಾರಿಯಲ್ಲಿ, ಬಲಗಡೆಯ ಹಿಂದಿನ ಟೈರಿನ ಮೇಲ್ಪದರ ಸಿಪ್ಪೆ ಸುಲಿದಂತೆ ಕಳಚಿಕೊಂಡಿತು. ಕಾರು ಗಿರ್ರನೆ ತಿರುಗಿ ಸೇತುವೆಯ ಕಂಬಕ್ಕೆ ಬಡಿಯಿತು. ಮಗಳು ಕೂತಿದ್ದ ಕಡೆಯೇ ಬಡಿಯಿತು. ಅಳಿಯನಿಗೆ ತೋಳು ಮುರಿಯಿತು, ಪಕ್ಕೆಲುಬು ಮುರಿಯಿತು, ಜೀವ ಉಳಿಯಿತು. ಅವಳದು ಆಸ್ಪತ್ರೆ ತಲುಪುವವರೆಗೂ ಉಳಿಯಲಿಲ್ಲ.

ಪೊಲೀಸ್ ಠಾಣೆಯ ಹಿಂದೆ ಕಾರಿನ ಅವಶೇಷ ಬಿದ್ದಿತ್ತು. ವಾಹನ ತಪಾಸಣೆಯ ಅಧಿಕಾರಿ ಟೈರಿನ ತುಂಡೊಂದನ್ನು ಬೆರಳಲ್ಲಿ ಮುರಿದು ಮೇಸ್ತ್ರಿಯ ಅಂಗೈಗೆ ಹಾಕಿದ. ರಸ್ಕಿನ ಹಾಗೆ ಪುಡಿಯಾಯಿತು.

"ವೇಗ ಏನೂ ಜಾಸ್ತಿ ಇರ್ಲಿಲ್ಲ ಯಜಮಾನ್ರೇ. ರಬ್ಬರಿಗೆ ವಯಸ್ಸಾಗಿತ್ತು. ನೋಡೋಕೆ ಹೊಸದು, ಒಳಗೆಲ್ಲ ಸತ್ತೋಗಿದೆ. ಕೊಳ್ಳುವಾಗ ಯಾರಾದ್ರೂ ತಿಳಿದವ್ರಿಗೆ ತೋರಿಸ್ಬೇಕಿತ್ತು."

ಮೇಸ್ತ್ರಿ ಪುಡಿಯನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಹೆಂಡತಿ ಆಗಲೇ ತೀರ್ಪು ಕೊಟ್ಟಾಗಿತ್ತು. "ನನ್ನ ಮಗಳನ್ನ ತಿಂದು ನೀರು ಕುಡಿದ! ಅವನ ವೇಗದ ಹುಚ್ಚಿಗೆ ನನ್ನ ಮಗಳೇ ಬೇಕಿತ್ತಾ?" ಬಂದವರೆಲ್ಲ ಹೌದು ಹೌದು ಅಂದರು. ಅಂಥ ಕಾರು ಕೊಂಡವನು ನಿಧಾನವಾಗಿ ಓಡಿಸುತ್ತಾನೆಂದು ಯಾರು ತಾನೇ ನಂಬುತ್ತಾರೆ? ಮೇಸ್ತ್ರಿಗೆ ಸತ್ಯ ಬಿಸಿತುಪ್ಪವಾಯಿತು, ನುಂಗಲಾರರು, ಉಗುಳಲಾರರು. ಹೇಳಿದರೆ ಅಳಿಯನ ಮೇಲಿನ ಕಳಂಕ ಹೋಗುತ್ತದೆ, ಜೊತೆಗೆ ತಮ್ಮ ಸಂಸಾರವೂ ಹೋಗುತ್ತದೆ. ನಾಳೆ ಹೇಳೋಣ ಎಂದುಕೊಂಡರು. ನಾಳೆಗಳು ಸಾಕಷ್ಟು ಬಂದು ಹೋದವು.

ಅಳಿಯ ಕೊರಳಿಗೆ ಕೈ ಕಟ್ಟಿಕೊಂಡು ಭಾನುವಾರ ಭಾನುವಾರ ಬರುತ್ತಿದ್ದ. ಅತ್ತೆ ಗೇಟಿನ ಹೊರಗೇ ನಿಲ್ಲಿಸಿ, ಬಾಯಿಗೆ ಬಂದಂತೆ ಬೈದು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನು ತಲೆ ತಗ್ಗಿಸಿ ಬೈಸಿಕೊಂಡು ಹೋಗುತ್ತಿದ್ದ. ಒಂದು ಸಲವೂ ಮಾವನ ಕಡೆ ಬೆರಳು ತೋರಿಸಲಿಲ್ಲ. ಮೇಸ್ತ್ರಿ ಒಮ್ಮೆ ಅವನ ಹಿಂದೆಯೇ ಬೀದಿಯ ತಿರುವಿನವರೆಗೆ ಹೋಗಿ ತಡೆದರು.

"ಯಾಕಪ್ಪ ಸುಮ್ನಿದ್ದೀಯ? ಹೇಳ್ಬಾರ್ದಾ? ನಾನೇ ಅಲ್ವಾ ಬೇಡ ಅಂದಿದ್ದು?"

"ಹೇಳಿದ್ರೆ ಅವಳು ಬರ್ತಾಳಾ ಮಾವ?" ಅಳಿಯ ಕನ್ನಡಕ ತೆಗೆದು ಒಂದೇ ಕೈಯಲ್ಲಿ ಅಂಗಿಗೆ ಒರೆಸಿಕೊಂಡ. "ಅತ್ತೆಗೆ ಬೈಯೋಕೆ ಯಾರಾದ್ರೂ ಬೇಕು. ನನ್ನ ಬೈದ್ರೆ ನಾನು ನನ್ನ ಮನೆಗೆ ಹೋಗ್ತೀನಿ. ನಿಮ್ಮನ್ನ ಬೈದ್ರೆ ನೀವೆಲ್ಲಿಗೆ ಹೋಗ್ತೀರ?"

ಮೇಸ್ತ್ರಿಗೆ ಹಾಯೆನಿಸಿತು. ನಿಜವಾಗಿಯೂ ಹಾಯೆನಿಸಿತು, ಹೊತ್ತ ಮೂಟೆ ಇಳಿಸಿದ ಹಾಗೆ. ಬೆನ್ನಿಗೇ ಆ ಹಾಯೆನಿಸಿದ್ದು ನೆನೆದು ಅವರಿಗೆ ಹೇಸಿಗೆಯಾಯಿತು. ಹೆಂಡತಿಯನ್ನು ಕಳೆದುಕೊಂಡವನನ್ನು ಬೈಸಿಕೊಳ್ಳಲು ಬಿಟ್ಟು, ಅವನ ಬೆನ್ನ ಹಿಂದೆ ತಾನು ಸುಖವಾಗಿರಬೇಕೆಂಬ ಈ ಮುದಿ ಜೀವವನ್ನು ಯಾವ ಗುಂಡಿಗೆ ಹಾಕಬೇಕು? ಅಳಿಯನ ನೆಟ್ಟಗಿದ್ದ ಕೈಯನ್ನು ಹಿಡಿದು, ಅವನು ಬೇಡ ಬೇಡ ಅನ್ನುತ್ತಿದ್ದರೂ ಬಿಡದೆ, ಮನೆಗೆ ಎಳೆದುಕೊಂಡು ಬಂದರು.

ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದರು. ಮೇಸ್ತ್ರಿ ನಿಂತಲ್ಲಿಂದಲೇ ಎಲ್ಲ ಹೇಳಿದರು. ಡಾಕ್ಟರು ಹೇಳಿದ್ದು, ಅಳಿಯ ಕೇಳಿದ್ದು, ತಾವು ನಗೆಯಾಡಿ ಬಾಯಿ ಮುಚ್ಚಿಸಿದ್ದು, ಅಧಿಕಾರಿ ವೇಗವಿರಲಿಲ್ಲ ಅಂದದ್ದು.

ಆಕೆ ಕಿರುಚಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಚಿ ಕೆಳಗಿಟ್ಟರು. ಗಂಡನ ಮುಖದ ಕಡೆ ನೋಡಲಿಲ್ಲ. ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದ ಅಳಿಯನನ್ನು ಒಳಗೆ ಕರೆದು, ಕುರ್ಚಿ ಎಳೆದು ಕೂರಿಸಿ, ಕಟ್ಟಿದ ತೋಳನ್ನು ಮೆಲ್ಲಗೆ ಮುಟ್ಟಿದರು.

"ಡಾಕ್ಟರು ಅಷ್ಟು ಹೇಳಿದ್ಮೇಲೂ ಇವರ ಮಾತು ಯಾಕಪ್ಪ ಕೇಳ್ದೆ?"

ಮೇಸ್ತ್ರಿ ಗೋಡೆ ಹಿಡಿದು ನಿಂತಿದ್ದರು.

"ನಾನು ಹೊಸ ಟೈರಿಗೆ ಹೇಳಿಟ್ಟಿದ್ದೆ ಅತ್ತೆ" ಎಂದ ಅಳಿಯ. "ಬೇಡ ಅಂದಿದ್ದು ಅವಳು. ಅಪ್ಪ ನೋಡಿ ಸೈ ಅಂದ್ಮೇಲೆ ಟೈರು ಬದಲಾಯಿಸಿದ್ರೆ ಅಪ್ಪಂಗೆ ಬೇಜಾರಾಗತ್ತೆ ಅಂದ್ಲು."