ಮುದ್ದೆ ಬಿಟ್ಟ ಎಪ್ಪತ್ತು ದಿನ

ಚಟ್ ಎಂದು ಬಿರಿಯುತ್ತದೆ, ಕಟ್ಟೆಯ ಅಂಚಿಗೆ ತಾಕಿಸಿದರೆ ಸಾಕು, ಹೆಬ್ಬೆರಳು ತೂರಿಸಿ ಒಂದು ಸುತ್ತು ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಮೊಟ್ಟೆ ಒಂದು ಕಡೆ, ಇದು ನಲವತ್ತೊಂದನೆಯದೋ ನಲವತ್ತೆರಡೋ, ಇನ್ನೂ ಎಂಬತ್ತು ಚಿಲ್ಲರೆ ಉಳಿದಿವೆ, ಒಂದು ಗಂಟೆಗೆ ಬೆಲ್ಲು, ಮಕ್ಕಳು ತಟ್ಟೆ ಬಡಿಯುತ್ತ ಸಾಲು ನಿಲ್ಲುತ್ತಾರೆ, ನನ್ನ ಕೈ ಯಾಕೋ ಇವತ್ತು ಓಡುತ್ತಿಲ್ಲ, ಬೆಳಿಗ್ಗೆಯಿಂದ ಏನೂ ತಿನ್ನದ್ದಕ್ಕೋ ಅನಿತಾ ಸಿಸ್ಟರ್ ಫೋನಿಗೋ. ಕಾಲು ಗಂಟೆ ಆಯಿತು ಫೋನ್ ಬಂದು, ಶಿವಮೊಗ್ಗದ ಆಸ್ಪತ್ರೆಯಿಂದ, ಪಂಕಜಾಕ್ಷಿಯವ್ರೇ, ಡಾಕ್ಟ್ರು ಸಂಜೆ ನಿಮ್ ಫೈಲ್ ಮುಚ್ತಾರೆ, ಯಜಮಾನ್ರಿಗೆ ಕಿಡ್ನಿ ಕೊಡೋರು ಮನೇಲಿ ಬೇರೆ ಯಾರಾದ್ರೂ ಇದ್ದಾರಾ. ಯಾರಿದ್ದಾರೆ, ಅತ್ತೆಗೆ ಎಂಬತ್ತು, ಮೈದುನನಿಗೆ ಸಕ್ಕರೆ ಕಾಯಿಲೆ, ಮಗಳು ಸ್ಫೂರ್ತಿಗೆ ಹದಿನೈದು, ನಾನೊಬ್ಬಳೇ ಇದ್ದದ್ದು, ಎತ್ತಿನ ಹಾಗೆ ಗಟ್ಟಿಯಾಗಿ ಇದ್ದೆ, ಈಗ ನನ್ನದೂ ಆಗುವುದಿಲ್ಲವಂತೆ. ಎದುರಿಗೆ ಹುಲಿಯಮ್ಮ ಕೂತಿದ್ದಾಳೆ, ಅವಳೂ ನಾನೂ ಈ ಅಜ್ಜಂಪುರದ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಿದ್ದೇವೆ, ನಾನು ಒಂದು ಸುಲಿಯುವಷ್ಟರಲ್ಲಿ ಅವಳು ಎರಡು ಸುಲಿಯುತ್ತಾಳೆ, ತಲೆ ಎತ್ತಿ ನನ್ನನ್ನು ನೋಡುತ್ತಾಳೆ, ಮತ್ತೆ ತಗ್ಗಿಸುತ್ತಾಳೆ. ಅವಳಿಗೆ ಎಲ್ಲಾ ಗೊತ್ತು. ಅವಳಿಗೆ ಮಾತ್ರ ಗೊತ್ತು.

ಮೊದಲ ಸಲ ಹೋದಾಗ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು, ಎಪ್ಪತ್ತೊಂಬತ್ತು ಕೇಜಿ ಇದ್ದೀರಿ, ಕಿಡ್ನಿ ಕೊಡಬೇಕೆಂದರೆ ಎಪ್ಪತ್ತರ ಒಳಗೆ ಬನ್ನಿ, ಆತುರ ಬೇಡ, ಮುದ್ದೆ ಅರ್ಧ ಮಾಡಿ, ದಿನಾ ನಡೆಯಿರಿ, ಆರು ತಿಂಗಳು ತಗೊಳ್ಳಿ. ಆರು ತಿಂಗಳಂತೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ತರೀಕೆರೆಗೆ ಹೋಗಿ ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗುವವರು ಇವರು, ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ವಾಪಸ್ ಬರುವಾಗ ಮುಖ ಸುಣ್ಣ ಬಳಿದ ಹಾಗೆ, ನಾಲ್ಕು ಊರಿನ ಕೊಬ್ಬರಿ ಒಟ್ಟಿ ಲಾರಿ ತುಂಬಿಸುತ್ತಿದ್ದ ಓಂಕಾರಮೂರ್ತಿ ಈಗ ಮನೆಯ ಮೂರು ಮೆಟ್ಟಿಲು ಹತ್ತಲು ನನ್ನ ಹೆಗಲು ಹಿಡಿಯುತ್ತಾರೆ, ನಾನು ಆರು ತಿಂಗಳು ನಿಧಾನವಾಗಿ ಅರ್ಧರ್ಧ ಮುದ್ದೆ ನುಂಗುತ್ತ ಕೂರಬೇಕಂತೆ. ಫೋನಿನ ವಿಡಿಯೋದಲ್ಲಿ ಒಬ್ಬಳು ಹೇಳುತ್ತಿದ್ದಳು, ಮುದ್ದೆ ಅನ್ನ ರೊಟ್ಟಿ ಬೆಲ್ಲ ಬಾಳೆಹಣ್ಣು ಎಲ್ಲಾ ಬಿಟ್ಟುಬಿಡಿ, ಮೈಯೊಳಗಿನ ಕೊಬ್ಬು ತಾನೇ ಕರಗುತ್ತೆ, ಬಿಟ್ಟೆ, ಅದೇ ದಿನ ಬಿಟ್ಟೆ. ಸುಳ್ಳೇಕೆ ಹೇಳಲಿ, ಇಳಿಯಿತು, ಮೊದಲ ವಾರಕ್ಕೇ ಮೂರು ಕೇಜಿ, ಅದು ಬರೀ ನೀರು ಎಂದು ಆಮೇಲೆ ಗೊತ್ತಾದರೂ ಆಗ ಹಿಗ್ಗಿ ಹೀರೇಕಾಯಿ ಆಗಿದ್ದೆ, ಮಂಡಿ ನೋವು ಹೋಯಿತು, ರವಿಕೆ ಸಡಿಲವಾಯಿತು, ಮಧ್ಯಾಹ್ನ ತೂಕಡಿಕೆ ಇಲ್ಲ. ಆದರೆ ತಲೆನೋವು, ಅಯ್ಯೋ ಆ ತಲೆನೋವು, ನಾಲ್ಕು ದಿನಕ್ಕೊಮ್ಮೆ ಮಾತ್ರ ಹೊರಕಡೆಗೆ ಆಗುವುದು, ಬಾಯಿ ಕೊಳೆತ ಹಣ್ಣಿನ ಹಾಗೆ ನಾರುತ್ತೆ ಎಂದು ಮಗಳು ಮಗ್ಗುಲು ಬಿಟ್ಟು ಮಲಗಿದಳು, ಅತ್ತೆಗೆ ಮುದ್ದೆ ಕಟ್ಟುವಾಗ ಆ ಬಿಸಿ ಹಬೆ ಮೂಗಿಗೆ ಬಡಿದು ಅಳು ಬರುತ್ತಿತ್ತು, ಒಂದು ದಿನ ನಿಜವಾಗಿಯೂ ಅತ್ತುಬಿಟ್ಟೆ, ಮುದ್ದೆಗೋಸ್ಕರ ಅತ್ತವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ನಾಲ್ಕನೇ ವಾರ ತೂಕ ಕದಲಲಿಲ್ಲ, ಪನೀರು ಕಡಲೆಕಾಯಿ ಸೊಪ್ಪು, ಸೊಪ್ಪು ಕಡಲೆಕಾಯಿ ಪನೀರು, ಎಷ್ಟು ತಿಂದರೂ ಹಸಿವು, ಶಾಲೆಯ ತಕ್ಕಡಿಯ ಮೇಲೆ ಅಕ್ಕಿ ಮೂಟೆಯ ಹಾಗೆ ಹತ್ತಿ ಇಳಿಯುತ್ತಿದ್ದೆ, ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು. ಆಗ ಹುಲಿಯಮ್ಮ ಅಂದದ್ದು, ಸುಮ್ಕೆ ಯಾಕೆ ಒದ್ದಾಡ್ತೀಯ, ಮೊಟ್ಟೆ ತಿನ್ನು, ಇಸ್ಕೂಲಿಂದು ಬ್ಯಾಡ, ಅದು ಮಕ್ಕಳದು, ನಮ್ಮನೆ ಕೋಳಿ ಇಡ್ತಾವೆ.

ನಾನು ಮೊಟ್ಟೆ ತಿಂದೆ. ದಿನಾ ನೂರಿಪ್ಪತ್ತು ಸುಲಿದರೂ ನಾಲಿಗೆಗೆ ಒಂದು ಚೂರು ಇಟ್ಟವಳಲ್ಲ, ಶಾಲೆಯಲ್ಲಿ ಮೊಟ್ಟೆ ಕೊಡಲು ಶುರುವಾದಾಗ ಇವರು ಹೇಳಿದ್ದು ಅಷ್ಟೇ, ಸುಲಿ, ತಿನ್ಬೇಡ, ಇಂದಿಗೂ ಶಾಲೆಯಿಂದ ಹೋದವಳು ಹಿತ್ತಲಲ್ಲಿ ಮೈಮೇಲೆ ನೀರು ಸುರಿದುಕೊಂಡೇ ಒಳಗೆ ಕಾಲಿಡುವುದು. ಶಾಲೆಯ ಹಿಂದಿನ ಬೀದಿಯಲ್ಲಿ ಹುಲಿಯಮ್ಮನ ಮನೆ, ಹನ್ನೊಂದು ವರ್ಷದಲ್ಲಿ ಅವಳ ಹೊಸಿಲು ದಾಟಿರಲಿಲ್ಲ, ಅವಳೂ ನಮ್ಮದನ್ನು ದಾಟಿಲ್ಲ, ಜಗಲಿಯಲ್ಲೇ ನಿಂತು ಹೋಗುತ್ತಾಳೆ, ಆವತ್ತು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ, ಮುಂದೆ ತಟ್ಟೆಯಲ್ಲಿ ಮೂರು ಮೊಟ್ಟೆ, ಕತ್ತಿನಲ್ಲಿ ಲಿಂಗ. ಲಿಂಗ ಕಟ್ಟಿಕೊಂಡು ಹೇಗೆ ತಿನ್ನಲಿ, ತೆಗೆದರೆ ಎಲ್ಲಿಡಲಿ, ನೆಲಕ್ಕಿಡುವ ಹಾಗಿಲ್ಲ, ಕೈಯಲ್ಲಿ ಹಿಡಿದು ಕೂತೇ ಇದ್ದೆ, ಬೆಪ್ಪಾಗಿ. ಅವಳು ಡಬ್ಬ ತಡಕಿ ಒಂದು ಮೊಳೆ ತೆಗೆದಳು, ಗುಂಡುಕಲ್ಲಿನಿಂದ ಗೋಡೆಗೆ ಹೊಡೆದಳು, ಬುದ್ಧನ ಫೋಟೋ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ಮೇಲೆ, ಸೆರಗಿನಿಂದ ಮೊಳೆ ಒರೆಸಿದಳು, ಇಲ್ಲಿ ಹಾಕು, ನಾನು ಮುಟ್ಟಾಕಿಲ್ಲ ಅಂದಳು. ಮುಟ್ಟಾಕಿಲ್ಲ ಅಂದಳಲ್ಲ, ನಾನೇ ಹಾಕಿದೆ, ಕೂತು ಮೂರನ್ನೂ ತಿಂದೆ. ಬೆಳಿಗ್ಗೆ ಮೂರು, ಸಂಜೆ ಮೂರು, ಆರು ವಾರ, ದಿನಾ ಆ ಮೊಳೆಯಲ್ಲಿ ನನ್ನ ಲಿಂಗ ತೂಗಿದೆ, ತಿಂದು ಬಾಯಿ ತೊಳೆದು ಕಟ್ಟಿಕೊಂಡು ಹೋಗಿದ್ದೇನೆ, ಮನೆಯಲ್ಲಿ ವಿಭೂತಿ ಹಚ್ಚಿಕೊಂಡು ಇವರ ಪಕ್ಕ ಪೂಜೆಗೆ ಕೂತಿದ್ದೇನೆ.

ಸೋಮವಾರ ಆಸ್ಪತ್ರೆಯ ತಕ್ಕಡಿ ಅರವತ್ತೊಂಬತ್ತೂವರೆ ತೋರಿಸಿತು, ಇವರು ನನ್ನ ಕಡೆ ನೋಡಿ ನಕ್ಕರು, ಎಷ್ಟು ತಿಂಗಳ ಮೇಲೆ ನಕ್ಕದ್ದು. ಆಮೇಲೆ ಡಾಕ್ಟರು ರಕ್ತದ ಕಾಗದ ನೋಡಿದರು, ಮೂತ್ರದ ಕಾಗದ ನೋಡಿದರು, ರಕ್ತದಲ್ಲಿ ಕ್ರಿಯಾಟಿನಿನ್ ಅನ್ನೋ ಕಲ್ಮಶ ಜಾಸ್ತಿ ಇದೆ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ, ಏನಮ್ಮಾ ತಿಂತೀರಿ, ಮೊಟ್ಟೆ, ಮಾಂಸ, ಪ್ರೋಟೀನ್ ಪುಡಿ, ಏನಾದ್ರೂ. ಇವರು ನನ್ನ ಪಕ್ಕದಲ್ಲೇ ನಿಂತಿದ್ದರು, ಹಣೆಯಲ್ಲಿ ಮೂರು ಪಟ್ಟೆ, ನನಗಿಂತ ಮೊದಲು ಅವರೇ ನಕ್ಕು ನಮ್ಮಲ್ಲಿ ಅದೆಲ್ಲಾ ಇಲ್ಲ ಸಾರ್ ಅಂದರು, ನಾನೂ ಇಲ್ಲ ಅಂದೆ. ಹಾಗಾದರೆ ಕಿಡ್ನಿಯೇ ಸರಿ ಇಲ್ಲ ಎಂದು ಬರೆದುಕೊಂಡರು. ಒಂದು ಇಲ್ಲ, ಅಷ್ಟೇ, ಎಪ್ಪತ್ತು ದಿನದ ಹಸಿವು ಒಂದು ಇಲ್ಲದಲ್ಲಿ ಹೋಯಿತು, ಗಂಡನ ಜೀವಕ್ಕಿಂತ ಗಂಡನ ಮುಂದಿನ ಮಾನ ಹೆಚ್ಚಾಯಿತೇನೇ ನಿನಗೆ. ಈಗ್ಲೇ ಹೇಳ್ಬಿಡು ಅಂದಳು ಹುಲಿಯಮ್ಮ, ಸುಲಿಯುತ್ತಲೇ, ನಮ್ಮನೆ ಅನ್ಬೇಡ, ಅಂಗಡೀಲಿ ತಿಂದೆ ಅನ್ನು. ಸೆರಗಿಗೆ ಕೈ ಒರೆಸಿಕೊಂಡು ಮೊದಲು ಅನಿತಾ ಸಿಸ್ಟರ್‌ಗೆ ಫೋನ್ ಮಾಡಿದೆ, ಹೇಳಿದೆ, ಆರು ಮೊಟ್ಟೆ, ದಿನಾ, ನೀರೂ ಸರಿಯಾಗಿ ಕುಡಿದಿಲ್ಲ. ಆಕೆ ಡಾಕ್ಟರ ಹತ್ತಿರ ಹೋಗಿ ಬಂದು ಬೈದಳು, ಮೊದ್ಲೇ ಹೇಳೋಕೇನಮ್ಮ, ಇದೆಲ್ಲಾ ಅದರಿಂದ್ಲೇ ಬಂದಿರ್ಬೋದು, ನಿಲ್ಸಿ, ಮುದ್ದೆ ಅನ್ನ ಹಿತಮಿತವಾಗಿ ತಿನ್ನಿ, ಹದಿನೈದು ದಿನ ಬಿಟ್ಟು ಮತ್ತೆ ಟೆಸ್ಟ್ ಮಾಡೋಣ, ಫೈಲ್ ಮುಚ್ಚಲ್ಲ, ಆದ್ರೆ ಡಾಕ್ಟ್ರು ಈಗ್ಲೇ ನಿಮ್ ಯಜಮಾನ್ರಿಗೂ ಫೋನ್ ಮಾಡ್ತಾರೆ. ಮುದ್ದೆ ತಿಂದು ತೂಕ ಮತ್ತೆ ಬಂದರೆ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಳು. ಬಂದರೆ ಬರಲಿ, ಮೊದಲು ಇವರಿಗೆ ನಾನು ಹೇಳಬೇಕು, ಡಾಕ್ಟರ ಬಾಯಿಂದ ಗೊತ್ತಾಗಬಾರದು.

ರಿಂಗಾಗುತ್ತಿದೆ, ಇವತ್ತು ಇವರು ತರೀಕೆರೆಯಲ್ಲಿ ಮಲಗಿದ್ದಾರೆ, ಎಡಗೈಗೆ ಸೂಜಿ, ಬಲಗೈಯಲ್ಲಿ ಎತ್ತಬೇಕು, ಎತ್ತಿದರು, ಏನೇ ಅಂದರು, ಆ ಸಣ್ಣ ದನಿ. ಹೋದ ತಿಂಗಳು ಇವರಿಗೆ ಎರಡು ಬಾಟಲಿ ರಕ್ತ ಹಾಕಿದರು, ಯಾರ ರಕ್ತ ಎಂದು ಇವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಅದನ್ನು ನೆನೆದು ಧೈರ್ಯ ಮಾಡಿದೆ, ಡಾಕ್ಟ್ರಿಗೆ ಸುಳ್ಳು ಹೇಳ್ದೆ ಕಣ್ರೀ, ನಾನು ಮೊಟ್ಟೆ ತಿಂತಿದ್ದೆ, ನನ್ ಕಿಡ್ನಿ ಕೆಟ್ಟಿಲ್ಲ ಅನ್ಸುತ್ತೆ, ಮತ್ತೆ ನೋಡ್ತಾರಂತೆ. ಆ ಕಡೆ ಮೆಷಿನ್ನಿನ ಸದ್ದು, ಟಿಕ್ ಟಿಕ್, ರಕ್ತ ಹೋಗುತ್ತಿದೆ, ರಕ್ತ ಬರುತ್ತಿದೆ, ಬೈಯಲಿ, ಅಳಲಿ, ಏನಾದರೂ ಅನ್ನಲಿ. ಯಾರ ಮನೇಲಿ, ಅಂದರು. ಅಷ್ಟೇ ಅಂದರು. ಹುಲಿಯಮ್ಮನಿಗೆ ಕೇಳಿಸಿತು, ಸುಲಿಯುವ ಕೈ ನಿಂತಿತು, ಬೇಡ ಎಂದು ತಲೆ ಆಡಿಸುತ್ತಾಳೆ, ಅಂಗಡಿ ಎಂದು ತುಟಿ ಅಲ್ಲಾಡಿಸುತ್ತಾಳೆ, ಒಂದು ಇಲ್ಲ ಅಂದದ್ದಕ್ಕೆ ಇಷ್ಟಾಯಿತು, ಇನ್ನೊಂದು ಸುಳ್ಳು ನನ್ನಿಂದ ಆಗದು, ಹುಲಿಯಮ್ಮನ ಮನೇಲಿ ಕಣ್ರೀ, ಅಂದೆ. ಅವರು ಫೋನ್ ಇಟ್ಟಿಲ್ಲ, ಟಿಕ್ ಟಿಕ್, ನಾನು ಕಾಯುತ್ತಿದ್ದೇನೆ, ಹೊರಗೆ ಬೆಲ್ಲು ಹೊಡೆಯಿತು, ಕಣ್ಣ ಮುಂದೆ ಆ ಮೊಳೆ, ಅವಳು ಸೆರಗಿನಿಂದ ಒರೆಸಿದ ಮೊಳೆ, ಬುದ್ಧನ ಫೋಟೋಗಿಂತ ಒಂದು ಗೇಣು ಮೇಲೆ, ಆ ಮೊಳೆ.