ಹೆಬ್ಬೆರಳು ದಪ್ಪದ ಪೈಪು

ಆರ್ವಿಲ್ ಟ್ಯಾಕೆಟ್ ಹೇಳಿದನೆಂದರೆ ಮುಗಿಯಿತು. ಯಾವ ಪಂಪು ಹಾಕಬೇಕು, ಪೈಪು ಎಷ್ಟು ದಪ್ಪ ಇರಬೇಕು, ಕಾರ್ಬೊರೇಟರಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಲಾರೆಲ್ ಫೋರ್ಕಿನ ರೇಸಿನವರು ಮೂವತ್ತು ವರ್ಷದಿಂದ ಇನ್ನೊಬ್ಬರನ್ನು ಕೇಳಿದ್ದಿಲ್ಲ. ಕಲ್ಲಿದ್ದಲು ತೆಗೆದು, ಬೋಳು ಮಾಡಿ ಬಿಟ್ಟುಹೋದ ಗುಡ್ಡದ ನೆತ್ತಿಯ ಮೇಲೆ ಇನ್ನೂರು ಮೀಟರಿನ ನೇರ ಡಾಂಬರು. ಎರಡು ಕಾರು ಪಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಬಿದ್ದದ್ದೇ ತಡ, ಐದಾರು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಅಷ್ಟು ಹೊತ್ತು ಎಂಜಿನ್ನಿಗೆ ಹೊಟ್ಟೆ ತುಂಬ ಇಂಧನ ಸಿಗಬೇಕು. ಅರೆಹೊಟ್ಟೆಯಾಯಿತೋ, ಪಿಸ್ಟನ್ ಕರಗಿ ಕೂತುಬಿಡುತ್ತದೆ.

ಉಪದೇಶ ಮಾಡುವವರಿಗೇನು, ಎಲ್ಲ ಕಡೆ ಸಿಗುತ್ತಾರೆ. ಆರ್ವಿಲ್ ಹಾಗಲ್ಲ. ಪೈಪಿನ ತುದಿಯನ್ನು ಕಾರ್ಬೊರೇಟರಿನಿಂದ ಬಿಚ್ಚಿ ತಗಡಿನ ಡಬ್ಬಿಗೆ ಬಿಟ್ಟು, ಪಂಪು ಚಾಲೂ ಮಾಡಿ, ಡಬ್ಬಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ನೋಡಿಯೇ ಬಾಯಿ ಬಿಡುತ್ತಿದ್ದ. ಮೀಟರಿನ ಮುಳ್ಳು ನೋಡಿ ಬೀಗುವವರನ್ನು ಕಂಡರೆ ಅವನಿಗಾಗದು. ಮುಳ್ಳು ಒತ್ತಡ ಹೇಳುತ್ತದೆ, ಹೊಟ್ಟೆ ತುಂಬಿತೋ ಇಲ್ಲವೋ ಹೇಳುವುದಿಲ್ಲ ಎಂದು ಗದರಿಸುತ್ತಿದ್ದ.

ಅವನ ನೋವಾ ಕಾರನ್ನು ಓಡಿಸುವವಳು ಮಗಳು ಟ್ರೀವಾ. ವಾರವಿಡೀ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ, ಶನಿವಾರ ರೇಸು. ಪೆಟ್ರೋಲ್ ಬಿಟ್ಟು ಮೆಥನಾಲ್ ಹಾಕೋಣ ಎಂದು ಎರಡು ವರ್ಷದ ಹಿಂದೆ ಹಠ ಹಿಡಿದವನು ಆರ್ವಿಲ್ಲೇ. ಮೆಥನಾಲ್ ಎಂಜಿನ್ನನ್ನು ತಣ್ಣಗಿಡುತ್ತದೆ, ಆದರೆ ಪೆಟ್ರೋಲಿನ ಎರಡರಷ್ಟು ಬೇಕು. ಪಂಪು ದೊಡ್ಡದು, ಪೈಪು ದಪ್ಪ, ಕಾರ್ಬೊರೇಟರಿನೊಳಗೆ ಇಂಧನ ಬಿಡುವ ತೂತೂ ಅಗಲ. ಅಷ್ಟೇ ಅಲ್ಲ, ಅದು ಪೈಪುಗಳನ್ನು ಒಳಗಿಂದ ತಿಂದುಹಾಕುತ್ತದೆ. ಹಾಗಾಗಿ ಈ ಚಳಿಗಾಲ ಎಲ್ಲವನ್ನೂ ಹೊಸದಾಗಿ ಹಾಕಬೇಕಾಗಿ ಬಂತು.

ಆರ್ವಿಲ್ ಒಂದು ವಾರ ಅಡುಗೆಮನೆಯ ಮೇಜಿನ ಮೇಲೆ ಕ್ಯಾಟಲಾಗು ಹರಡಿಕೊಂಡು ಕೂತ. ಟ್ರೀವಾಗೆ ಅದನ್ನು ನೋಡಿಯೇ ಜೀವ ಹಗುರವಾಗಿತ್ತು. ಆ ವರ್ಷ ಅವನು ಗಣಿಯಲ್ಲಿ ಜೊತೆಗೆ ದುಡಿದವರ ಹೆಸರು ಮರೆಯುತ್ತಿದ್ದ, ಒಲೆ ಹಚ್ಚಿ ಹಾಗೇ ಎದ್ದುಹೋಗುತ್ತಿದ್ದ. ಹೋದರೆ ಹೋಗಲಿ, ಪಂಪು-ಪೈಪಿನ ವಿಷಯ ಮಾತ್ರ ಅಪ್ಪನ ನಾಲಿಗೆಯ ತುದಿಯಲ್ಲೇ ಇದೆಯಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಮಾರ್ಚಿನಲ್ಲಿ ಪೆಟ್ಟಿಗೆ ಬಂತು. ತೆರೆದರೆ ಕಿರುಬೆರಳು ದಪ್ಪದ ಪೈಪು, ಪುಟ್ಟ ಪಂಪು. ಎಲ್ಲಾ ಪೆಟ್ರೋಲ್ ಕಾರಿನ ಸಾಮಾನು. ಅಂಗಡಿಯವರಿಗೆ ಕಣ್ಣಿಲ್ಲವಾ ಎಂದು ಬೈಯುತ್ತಲೇ ಫೋನು ಮಾಡಿದಳು. ಅತ್ತ ಕಡೆಯ ಹೆಂಗಸು ಸಮಾಧಾನವಾಗಿಯೇ ಆರ್ವಿಲ್ ಬರೆಸಿದ್ದ ಪಟ್ಟಿಯನ್ನು ಒಂದೊಂದಾಗಿ ಓದಿ ಹೇಳಿದಳು. ಪೆಟ್ಟಿಗೆಯಲ್ಲಿದ್ದದ್ದೂ ಅದೇ, ಒಂದೂ ತಪ್ಪಿರಲಿಲ್ಲ. ಟ್ರೀವಾ ಕ್ಷಮಿಸಿ ಅಂದು ಫೋನಿಟ್ಟಳು.

ಅಪ್ಪನಿಗೆ ಏನೆಂದು ಹೇಳುವುದು? ಹೆಂಡತಿ ಹೋದಳು, ಗಣಿ ಮುಚ್ಚಿತು, ಬೆನ್ನು ಬಗ್ಗದಂತಾಯಿತು. ಶನಿವಾರ ನಾಲ್ಕು ಜನ ಬಂದು ಆರ್ವಿಲ್ ಇದು ಹೇಗೆ, ಅದು ಹೇಗೆ ಎಂದು ಕೇಳುತ್ತಾರಲ್ಲ, ಅವನಿಗೆ ಉಳಿದದ್ದು ಅದೊಂದೇ. ಇದೊಂದು ವರ್ಷವಾದರೂ ಅವನು ಕುರ್ಚಿಯಲ್ಲಿ ಗತ್ತಿನಿಂದ ಕೂತಿರಲಿ ಎಂದು ಅವಳಿಗೆ ಆಸೆ. ಸದ್ದಿಲ್ಲದೆ ಸರಿಯಾದ ಸಾಮಾನು ತರಿಸಿ, ಅವನು ಎರಡು ದಿನ ತಂಗಿಯ ಮನೆಗೆ ಹೋಗಿದ್ದಾಗ ಎಲ್ಲವನ್ನೂ ತಾನೇ ಕೂರಿಸಿದಳು. ಬಂದವನು, ನಾನು ಬರೆಸಿದ್ದನ್ನೇ ಹಾಕಿದೆಯಾ ಎಂದು ಕೇಳಿದ. ಹೂಂ ಅಪ್ಪ, ಅಂದಳು. ಸುಳ್ಳು ಅಷ್ಟು ಸಲೀಸಾಗಿ ಬಂತಲ್ಲ ಎಂದು ಅವಳಿಗೇ ಹೇಸಿಗೆಯಾಯಿತು.

ಏಪ್ರಿಲ್‌ನ ಮೊದಲ ರೇಸು. ಆರ್ವಿಲ್ ಕಾರು ಹೊತ್ತು ತಂದ ಟ್ರೈಲರಿನ ನೆರಳಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ಹುರಿದ ಬೊಲೋನಿ ಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಾ, ಬಂದವರಿಗೆಲ್ಲ ರಟ್ಟಿನ ಮೇಲೆ ಪಂಪು-ಪೈಪಿನ ಚಿತ್ರ ಬರೆದು ಕೊಡುತ್ತಿದ್ದ. ಕಾರು ಎಂದೂ ಓಡದಷ್ಟು ಜೋರಾಗಿ ಓಡಿತು. ಜನ ಬಂದು ಬಂದು ಅವನ ಭುಜ ತಟ್ಟಿದರು. ಮುದುಕನ ಮುಖ ಅರಳಿದ್ದನ್ನು ಕಂಡು ಟ್ರೀವಾಗೆ ಕಣ್ಣು ತುಂಬಿ ಬಂತು. ಪಾಪವಾದರೂ ಚಿಂತೆಯಿಲ್ಲ, ಆ ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಅಂದುಕೊಂಡಳು.

ಮಧ್ಯಾಹ್ನ ಗಾರ್ಲಂಡ್ ಬಂದ. ಕಲ್ಲಿದ್ದಲು ಲಾರಿ ಓಡಿಸುವವನು. ತಮ್ಮನ ಜೊತೆ ಎರಡು ಚಳಿಗಾಲ ಕೂತು ಕಟ್ಟಿದ ಎಂಜಿನ್ನಿಗೆ ಈ ವರ್ಷವೇ ಮೆಥನಾಲ್ ಹಾಕಿದ್ದ. ಒಮ್ಮೆ ಕಣ್ಣಾಡಿಸಿ ಎಂದು ಆರ್ವಿಲ್‌ನನ್ನು ಕರೆದುಕೊಂಡು ಹೋದ. ಆರ್ವಿಲ್ ಬಗ್ಗಿ ನೋಡಿ ನಕ್ಕುಬಿಟ್ಟ. "ಇದೇನಯ್ಯ, ಹೊಲಕ್ಕೆ ನೀರು ಬಿಡೋ ಪೈಪು ತಂದು ಹಾಕಿದ್ದೀಯ? ಕಿತ್ತು ಬಿಸಾಕು. ಕಿರುಬೆರಳು ದಪ್ಪದ್ದು ಸಾಕು." ಗಾರ್ಲಂಡ್ ಸ್ಪ್ಯಾನರ್ ಎತ್ತಿಕೊಂಡ. ಪೆಟ್ರೋಲ್ ಕಾಲದ ಹಳೆಯ ಪೈಪು ಅವನ ಟ್ರೈಲರಿನಲ್ಲೇ ಬಿದ್ದಿತ್ತು.

ಎರಡು ಕಾರಿನಾಚೆ ನಿಂತಿದ್ದ ಟ್ರೀವಾಗೆ ಎಲ್ಲ ಕೇಳಿಸಿತು. ಅಪ್ಪ ಕುರ್ಚಿಗೆ ವಾಪಸು ಹೋಗುವುದನ್ನೇ ಕಾದು, ಗಾರ್ಲಂಡ್ ಬಳಿ ಹೋಗಿ, ಅದನ್ನು ಬಿಚ್ಚಬೇಡ, ಈಗಿರುವುದೇ ಸರಿ ಎಂದು ಮೆಲ್ಲಗೆ ಹೇಳಿದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಮುಂದಿನ ಸುತ್ತಲ್ಲಿ ನಿನ್ನ ಎದುರು ನಿಲ್ಲೋನು ನಾನೇ ಅಲ್ವಾ ಟ್ರೀವಾ? ಅಪ್ಪ ಒಂದು ಹೇಳೋದು, ಮಗಳು ಹಿಂದೆ ಬಂದು ಇನ್ನೊಂದು ಊದೋದು. ನಿಮ್ಮ ಮನೇಲಿ ಇದೇನು ಹೊಸ ಆಟ?"

ಡಬ್ಬಿ ಇಟ್ಟು ನೀನೇ ನೋಡಿಕೋ ಅಂದಳು. ಆರ್ವಿಲ್ ಹೇಳಿದ ಮೇಲೆ ಡಬ್ಬಿ ಯಾಕೆ ಅಂದ ಅವನು. ಹಾಳಾಗಿ ಹೋಗಲಿ, ಸುಟ್ಟುಕೊಳ್ಳಲಿ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿದ್ದೂ ಸುಳ್ಳಲ್ಲ. ಅಷ್ಟರಲ್ಲಿ ಗಾರ್ಲಂಡ್ ಸಣ್ಣ ಪೈಪನ್ನು ಕೈಯಲ್ಲಿ ಹಿಡಿದುಕೊಂಡು ನೇರ ಆರ್ವಿಲ್‌ನ ಎದುರು ಹೋಗಿ ನಿಂತಿದ್ದ.

"ಆರ್ವಿಲ್ ಅವ್ರೇ, ನಿಮ್ಮ ಮಗಳು ಬೇರೇನೇ ಹೇಳ್ತಿದ್ದಾಳೆ."

ಆರ್ವಿಲ್‌ಗೆ ನಗು ಬಂತು. ಸ್ಯಾಂಡ್‌ವಿಚ್ ಬದಿಗಿಟ್ಟು ಎದ್ದ. ಇವಳಿಗೆ ನಡೆಯಲು ಕಲಿಸಿದವನೂ ನಾನೇ, ಗೇರು ಹಾಕಲು ಕಲಿಸಿದವನೂ ನಾನೇ, ಬಾ, ನಮ್ಮ ಕಾರಲ್ಲೂ ಅದೇ ಇದೆ, ಕಣ್ಣಾರೆ ನೋಡು ಎನ್ನುತ್ತಾ ನೋವಾದ ಬಾನೆಟ್ಟಿಗೆ ಕೈಹಾಕಿದ. ಬೇಡ ಅಪ್ಪ, ಎಂದಳು ಟ್ರೀವಾ. ಅವನು ಎತ್ತಿಯೇಬಿಟ್ಟ.

ಹೆಬ್ಬೆರಳು ದಪ್ಪದ ಪೈಪು. ಆರ್ವಿಲ್ ಅದನ್ನು ಮುಟ್ಟಿದ. ಇನ್ನೊಂದು ತುದಿಯವರೆಗೂ ಕೈಯಾಡಿಸಿದ.

"ಇದನ್ನ ಯಾರು ಹಾಕಿದ್ದು?"

"ನಾನೇ ಅಪ್ಪ."

"ನಾನು ಬರೆಸಿದ್ದು ಇದಲ್ಲವಲ್ಲ."

"ಅಲ್ಲ. ಅದು ಮೆಥನಾಲ್‌ಗೆ ಸಾಲ್ತಿರಲಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿಯಿತ್ತು.

"ನಾವು ಯಾವಾಗ ಮೆಥನಾಲ್ ಹಾಕಿದ್ವಿ?"

ಗಾರ್ಲಂಡ್ ಕೈಯಲ್ಲಿದ್ದ ಪೈಪನ್ನು ಬೆನ್ನ ಹಿಂದೆ ಸರಿಸಿಕೊಂಡ. ಎರಡು ವರ್ಷವಾಯಿತು, ನೀನೇ ಹಾಕಿಸಿದ್ದು ಎಂದು ಟ್ರೀವಾ ಹೇಳಿದಳು. ಧ್ವನಿವರ್ಧಕದಲ್ಲಿ ಮುಂದಿನ ಜೋಡಿಯನ್ನು ಕರೆಯುತ್ತಿದ್ದರು. ಆರ್ವಿಲ್ ಬಾನೆಟ್ಟನ್ನು ಮೆಲ್ಲಗೆ ಇಳಿಸಿ, ಅದರ ಮೇಲೆ ಎರಡೂ ಕೈ ಊರಿ ನಿಂತ.

"ಬೆಳಗ್ಗೆಯಿಂದ ಎಷ್ಟು ಜನಕ್ಕೆ ಹೇಳಿದ್ದೀನಿ ನಾನು?"

ಟ್ರೀವಾ ಲೆಕ್ಕ ಇಟ್ಟಿರಲಿಲ್ಲ. ಅವನ ಗತ್ತು ನೋಡಿ ಕಣ್ಣು ತುಂಬಿಕೊಳ್ಳುವುದರಲ್ಲೇ ಅವಳ ಬೆಳಗು ಕಳೆದಿತ್ತು. ರಟ್ಟಿನ ತುಂಡು ಹಿಡಿದು ಹೋದವರು ಎಂಟೋ ಹತ್ತೋ. ಯಾರ್ಯಾರೆಂದು ಅವನಿಗಂತೂ ನೆನಪಿರಲಿಲ್ಲ.

ಹಾಗಾಗಿ ಅವನು ಸಾಲಿನ ಮೊದಲ ಟ್ರೈಲರಿನಿಂದಲೇ ಶುರು ಮಾಡಿದ. ಅವನನ್ನು ಏನೂ ಕೇಳದಿದ್ದವರ ಮುಂದೆಯೂ ನಿಂತ. ಪ್ರತಿ ಸಲವೂ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಬೆಳಗ್ಗೆ ನಾನೇನಾದ್ರೂ ಹೇಳಿದ್ರೆ ಅದನ್ನ ಬಿಟ್ಬಿಡಿ. ಇನ್ಮೇಲೆ ಇವಳನ್ನ ಕೇಳಿ" ಎಂದ. ಟ್ರೀವಾ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಆ ಸಾಲಿನಲ್ಲಿ ನಲವತ್ತು ಟ್ರೈಲರುಗಳಿದ್ದವು.